ಮೊದಲ ನಾಲಿಗೆ

"ಹತ್ತಿ ಹೊಸದಾ?" ಹೈಸಮ್ ಕೇಳಿದ.

"ಬೆಳಿಗ್ಗೆ ಹಾಕಿದ್ದು," ಎಂದ ಮಿತ್ವಲ್ಲಿ. "ಮೂರಕ್ಕೂ."

"ಯಾರು ಹಾಕಿದ್ದು?"

"ನಾನೇ. ಈ ದರಿದ್ರ ಕೆಲಸಕ್ಕೆ ಜನ ಹೇಗೆ ಕೂರ್ತಾರೋ. ಸೂಜಿಗೆ ದಾರ ಪೋಣಿಸೋದು ಇದಕ್ಕಿಂತ ಸಲೀಸು."

ಹೈಸಮ್ ನಕ್ಕ. ಚೆಂದದ ನಗು. ಆ ನಗು ನೋಡಲೆಂದೇ ಜನ ಅವನ ವಿಡಿಯೊ ತೆರೆಯುತ್ತಿದ್ದರು. ಅಲೆಕ್ಸಾಂಡ್ರಿಯಾದಲ್ಲಿ ಮನೆಯಲ್ಲೇ ವೇಪ್, ಅಂದರೆ ಇ-ಸಿಗರೇಟಿನ, ದ್ರವ ಕಲಸಿಕೊಳ್ಳುವವರು ಹೊಸ ಎಸೆನ್ಸ್ ಕೊಳ್ಳುವ ಮೊದಲು ಹೈಸಮ್ ಏನಂದ ಎಂದು ವಿಚಾರಿಸುತ್ತಿದ್ದರು. ಅವನು ತಲೆದೂಗಿದರೆ ಆ ಬಾಟಲಿ ಸಂಜೆಯೊಳಗೆ ಖಾಲಿ. ಮುಖ ಕಿವುಚಿದರೆ ಅಂಗಡಿಯವನು ಅದನ್ನು ಚರಂಡಿಗೆ ಸುರಿದು ಕೈತೊಳೆಯಬೇಕು.

ಮೇಜಿನ ಮೇಲೆ ಮೂರು ವೇಪ್‌ಗಳು ಸಾಲಾಗಿ ನಿಂತಿದ್ದವು. ಮೂರಕ್ಕೂ ಗಾಜಿನ ಟ್ಯಾಂಕ್, ಒಳಗೆ ದ್ರವ ಹೀರಿ ಬಿಸಿಯಾಗುವ ಹತ್ತಿಯ ಬತ್ತಿ. ಎರಡರಲ್ಲಿ ನೀರಿನಂಥ ತಿಳಿ ದ್ರವ, ಮೂರನೆಯದರಲ್ಲಿ ಕಂದು. ಪಕ್ಕದಲ್ಲಿ ಹೈಸಮ್ ಮಾಡಿ ತಂದಿಟ್ಟ ಎರಡು ಲೋಟ ಪುದೀನ ಚಹಾ. ನಡುನಡುವೆ ಮೂಸಿ ಹಿಂದಿನ ವಾಸನೆ ಕಳೆದುಕೊಳ್ಳಲು ಒಂದು ಬಟ್ಟಲು ಹುರಿದ ಕಾಫಿ ಬೀಜ.

ಮಿತ್ವಲ್ಲಿ ತನ್ನ ಲೋಟವನ್ನು ಆಗಲೇ ಖಾಲಿ ಮಾಡಿದ್ದ. ಬಾಯಾರಿಕೆಯಿಂದಲ್ಲ. ಹೈಸಮ್‌ನ ಆ ಮನೆಯಲ್ಲಿ ಮೂಗಿನ ಬಳಿ ಪುದೀನ ಹಿಡಿದುಕೊಳ್ಳದೆ ಕೂರಲು ಆಗುತ್ತಿರಲಿಲ್ಲ.

"ನೀವು ಕುಡೀಲೇ ಇಲ್ಲ, ಉಸ್ತಾದ್ ಹೈಸಮ್."

"ರುಚಿ ನೋಡೋಕೆ ಮೊದಲು ಚಹಾನಾ? ಪಾಶಾ, ನಿಮಗೆ ಯಾರೂ ಏನೂ ಕಲಿಸಿಲ್ಲ. ಚಹಾ ಕುಡಿದ ನಾಲಿಗೆ ಅಂದ್ರೆ ಬರೆದು ತುಂಬಿಸಿದ ಹಲಗೆ. ಅದರ ಮೇಲೆ ಇನ್ನೇನು ಬರೆದ್ರೂ ಓದೋಕಾಗಲ್ಲ."

"ಸರಿ. ಆಮೇಲೆ ಕುಡೀರಿ."

"ಆಮೇಲೆ ಕುಡೀತೀನಿ."

ಮಿತ್ವಲ್ಲಿ ತನ್ನ ಫೋನನ್ನು ಖಾಲಿ ಲೋಟಕ್ಕೆ ಒರಗಿಸಿ, ಕ್ಯಾಮೆರಾವನ್ನು ಹೈಸಮ್ ಕಡೆ ತಿರುಗಿಸಿದ. ಹೈಸಮ್ ಬೇಡ ಅನ್ನಲಿಲ್ಲ. ಬದಲಿಗೆ ಕಿಟಕಿಯ ಬೆಳಕು ಕೆನ್ನೆಗೆ ಬೀಳುವ ಹಾಗೆ ಕುರ್ಚಿಯನ್ನು ಸ್ವಲ್ಪ ಸರಿಸಿಕೊಂಡ.

ಇಂದು ಶನಿವಾರ. ನಾಳೆ ಭಾನುವಾರ, ಇಲ್ಲಿ ವಾರದ ಕೆಲಸ ಶುರುವಾಗುವ ದಿನ; ಸಬ್ರಿಯ ಕಡತ ಕೋರ್ಟಿಗೆ ಹೋಗುತ್ತದೆ. ಹೋದ ಮೇಲೆ ಅವನ ಕುತ್ತಿಗೆಗೆ ಹಗ್ಗ ಬೀಳದಂತೆ ತಡೆಯುವವರು ಯಾರೂ ಇಲ್ಲ.

ಸಬ್ರಿಯ ಮೇಲಿನ ಆರೋಪ ಇಷ್ಟೇ. ಸೀದಿ ಬಿಶ್ರ್‌ನ ವೇಪ್ ಅಂಗಡಿಯ ಮಾಲೀಕ ಗಲಾಲ್‌ಗೆ ದಾಲ್ಚಿನ್ನಿ ಆಗುತ್ತಿರಲಿಲ್ಲ. ಒಂದು ಗುಟುಕು ದಾಲ್ಚಿನ್ನಿ ಚಹಾ ಬಾಯಿಗೆ ಬಿದ್ದರೂ ಗಂಟಲು ಊದಿಕೊಳ್ಳುತ್ತಿತ್ತು. ಅವನ ಅಂಗಡಿಯಲ್ಲಿ ಎಸೆನ್ಸ್ ಕಲಸುವವನು ಸಬ್ರಿ. ಶುಕ್ರವಾರದ ನಮಾಜು ಮುಗಿಸಿ ಮೂವರೂ ರುಚಿ ನೋಡಲು ಕೂರುತ್ತಿದ್ದರು: ಗಲಾಲ್, ಸಬ್ರಿ, ಹೈಸಮ್. ಬಾಟಲಿಗಳ ಮೇಲೆ ಬರೀ ಅಂಕಿ, ಹೆಸರಿಲ್ಲ. ಮೊದಲು ಎಳೆಯುವವನು ಹೈಸಮ್. ಅವನು ಇದು ಇಂಥದ್ದು ಎಂದು ಹೇಳುವ ತನಕ ಗಲಾಲ್ ತನ್ನ ಟ್ಯಾಂಕನ್ನು ತುಂಬಿಸಲು ಬಿಡುತ್ತಿರಲಿಲ್ಲ. ಅಂಗಡಿಯಲ್ಲಿ ಅದಕ್ಕೊಂದು ಹೆಸರೇ ಇತ್ತು, ಮೊದಲ ನಾಲಿಗೆ.

ಕೆಲವು ವಾರದ ಹಿಂದಿನ ಆ ಶುಕ್ರವಾರ ಗಲಾಲ್‌ಗೆ ನೆಗಡಿ, ಮೂಗು ಕಟ್ಟಿತ್ತು. ಎರಡನೇ ಬಾಟಲಿಯ ಸೋಂಪಿನ ಹೊಗೆ, ಬೇರೆ ಯಾವ ವಾಸನೆಯೂ ತಿಳಿಯದ ಹಾಗೆ, ಕೋಣೆ ತುಂಬ ಕವಿದಿತ್ತು. ಹೈಸಮ್ ಮೂರನೇ ಬಾಟಲಿ ಎಳೆದು "ಮಾವು" ಎಂದ. ಸಬ್ರಿ ಅದೇ ಬಾಟಲಿಯಿಂದ ಗಲಾಲ್‌ನ ಟ್ಯಾಂಕ್ ತುಂಬಿಸಿದ. ಗಲಾಲ್ ಎಳೆದ, ಕೆಮ್ಮಿದ, ಮೇಜಿನ ಅಂಚು ಹಿಡಿದುಕೊಂಡ, ಬಿದ್ದ. ಆಸ್ಪತ್ರೆಯ ಬಾಗಿಲು ತಲುಪುವಷ್ಟರಲ್ಲಿ ಮುಗಿದಿತ್ತು.

ಮರುದಿನ ಠಾಣೆಯಲ್ಲಿ ಆ ಟ್ಯಾಂಕ್ ಜೇಡರ ಬಲೆಯ ಹಾಗೆ ಬಿರುಕು ಬಿಟ್ಟಿತ್ತು. ಅದು ಪ್ಲಾಸ್ಟಿಕ್ ಟ್ಯಾಂಕ್. ದಾಲ್ಚಿನ್ನಿ ಎಸೆನ್ಸ್ ಪ್ಲಾಸ್ಟಿಕ್ಕನ್ನು ತಿನ್ನುತ್ತದೆ, ಮಾವು ತಿನ್ನುವುದಿಲ್ಲ. ಈ ಕಸುಬಿನವರೆಲ್ಲ ಅದಕ್ಕೆ ಗಾಜನ್ನೇ ಬಳಸುವುದು. ಮಾವೆಂದು ನಂಬಿದ್ದರಿಂದಲೇ ಗಲಾಲ್ ಪ್ಲಾಸ್ಟಿಕ್ ಮುಂದೆ ಹಿಡಿದದ್ದು.

ಪೊಲೀಸರಿಗೆ ಲೆಕ್ಕ ಸುಲಭವಾಯಿತು. ಮೊದಲ ನಾಲಿಗೆ ಎಳೆದಾಗ ಬರೀ ಮಾವು. ಆಮೇಲೆ ಬಾಟಲಿ ಮುಟ್ಟಿದವನು ಸಬ್ರಿ ಒಬ್ಬನೇ. ತುಂಬಿಸುವಾಗ ದಾಲ್ಚಿನ್ನಿ ಬೆರೆಸಿದವನೂ ಅವನೇ.

ಎಲ್ಲವೂ ಒಂದು ನಾಲಿಗೆಯ ಮೇಲೆ ನಿಂತಿತ್ತು. ಸಬ್ರಿಯ ಅಕ್ಕ ಕೇಳಿಕೊಂಡಿದ್ದಕ್ಕೆ ಮಿತ್ವಲ್ಲಿ ಬಂದಿದ್ದು ಆ ನಾಲಿಗೆಯನ್ನು ನೋಡಲು.

ಅವನೂ ಹಿಂದೆ ಪೊಲೀಸನೇ. ಹೈಸಮ್ 'ಪಾಶಾ' ಅನ್ನುತ್ತಿದ್ದುದು ಆ ಹಳೆಯ ಹುದ್ದೆಯ ಗೌರವಕ್ಕೆ. ದೊಡ್ಡ ಮನುಷ್ಯನೊಬ್ಬನ ಮಗನ ಕೈಗೆ ಬೇಡಿ ಹಾಕಿದ್ದಕ್ಕೆ ಇಲಾಖೆ ಅವನ ಸಮವಸ್ತ್ರ ಕಿತ್ತುಕೊಂಡಿತ್ತು. ಬಡವನ ಕುತ್ತಿಗೆ ಸಿಕ್ಕಿದರೆ ಕಡತ ಎಷ್ಟು ಬೇಗ ಓಡುತ್ತದೆ ಎಂದು ಅವನು ಕಣ್ಣಾರೆ ಕಂಡವನು. ಸಿಟ್ಟು ಆರಿರಲಿಲ್ಲ. ಅದನ್ನು ಮುಖದ ಮೇಲೆ ತೋರಿಸುವುದನ್ನು ಮಾತ್ರ ಬಿಟ್ಟಿದ್ದ.

"ಶುರು ಮಾಡೋಣ್ವಾ?" ಎಂದ. "ನೀವು ಹೇಳಿದ್ದು ಮೂರೂ ಸರಿ ಬಂದ್ರೆ ನಾನು ಎದ್ದು ಹೋಗ್ತೀನಿ. ಆ ಹುಡುಗನ ಹಣೆಬರಹ ಅವನಿಗೆ."

ಹೈಸಮ್ ಮೊದಲನೆಯದನ್ನು ಎತ್ತಿಕೊಂಡ. ಬೆಳಕಿಗೆ ಹಿಡಿದ. ಅಲುಗಾಡಿಸಿ ಗುಳ್ಳೆ ಮೇಲೇರುವುದನ್ನು ನೋಡಿದ. ಸಣ್ಣಗೆ ಒಂದು ಎಳೆತ. ಹೊಗೆಯನ್ನು ಬಾಯಲ್ಲೇ ಇಟ್ಟುಕೊಂಡು, ಕಣ್ಣು ಮುಚ್ಚಿ, ಮೂಗಿನಿಂದ ಬಿಟ್ಟ.

"ಪುದೀನ. ನಾಟಿಯದಲ್ಲ, ಫಾರಿನ್ನಿಂದು. ಕಲಸಿದವನ ಕೈ ಭಾರ. ಅರ್ಧ ಹಾಕಿದ್ರೂ ಸಾಕಿತ್ತು."

ಸರಿಯಾಗಿತ್ತು. ಮಿತ್ವಲ್ಲಿ ತಲೆ ಅಲ್ಲಾಡಿಸಲಿಲ್ಲ. ಅವನ ಮುಖವನ್ನೇ ಗಮನಿಸುತ್ತಿದ್ದ ಹೈಸಮ್, ಅಲ್ಲಿ ಏನೂ ಸಿಗದೆ ಕಾಫಿ ಬೀಜದ ಬಟ್ಟಲನ್ನು ಮೂಗಿಗೆ ಹಿಡಿದು ಕೆಳಗಿಟ್ಟ.

ಎರಡನೆಯದು. ಮತ್ತೆ ಬೆಳಕು, ಮತ್ತೆ ಗುಳ್ಳೆ, ಮತ್ತೆ ಎಳೆತ. ಈ ಸಲ ಕಣ್ಣು ಮುಚ್ಚಿದ್ದು ಸ್ವಲ್ಪ ಹೆಚ್ಚು ಹೊತ್ತು. ಆಮೇಲೆ ಅದನ್ನು ಬೆರಳ ತುದಿಯಿಂದ ದೂರ ತಳ್ಳಿದ.

"ಹತ್ತಿ ಸುಟ್ಟಿದೆ."

"ಸುಟ್ಟಿದೆಯಾ?"

"ಸುಟ್ಟು ಕರಕಲು. ಇದರಲ್ಲಿ ಏನಿದೆ ಅಂತ ದೇವರೇ ಬಂದ್ರೂ ಹೇಳೋಕಾಗಲ್ಲ. ಹತ್ತಿ ಹಾಕೋದು ಕಲೀರಿ, ಪಾಶಾ, ಆಮೇಲೆ ಪರೀಕ್ಷೆ ಮಾಡೋರಂತೆ."

ಮಿತ್ವಲ್ಲಿ ಅದನ್ನು ತೆಗೆದುಕೊಂಡು ತಾನೇ ಒಮ್ಮೆ ಎಳೆದ. ಸ್ಟ್ರಾಬೆರಿ. ಮಕ್ಕಳ ಚೂಯಿಂಗ್ ಗಮ್ಮಿನಷ್ಟು ಸಿಹಿ, ಅಷ್ಟೇ ಸ್ಪಷ್ಟ. ಸುಟ್ಟ ವಾಸನೆಯ ಸುಳಿವೂ ಇರಲಿಲ್ಲ. ಅವನು ಅದನ್ನು ಅದರ ಜಾಗದಲ್ಲಿ ಇಟ್ಟ.

"ಮೂರನೇದು," ಎಂದ.

ಕಂದು ದ್ರವ. ಅದನ್ನು ನೋಡುತ್ತಿದ್ದಂತೆ ಹೈಸಮ್‌ನ ಭುಜ ಸಡಿಲವಾಯಿತು. ಎಸೆನ್ಸ್ ಕಲಸುವವರಿಗೆಲ್ಲ ಆ ಬಣ್ಣ ಗೊತ್ತು. ವೆನಿಲ್ಲಾ ಸೇರಿದ ದ್ರವವನ್ನು ಕತ್ತಲಲ್ಲಿ ಮಾಗಲು ಬಿಟ್ಟರೆ ಹೀಗೆಯೇ ತಿರುಗುತ್ತದೆ. ಅವನು ಎಳೆದ, ನಿಧಾನವಾಗಿ ಬಿಟ್ಟ, ತುಟಿ ಚಪ್ಪರಿಸಿದ.

"ಆಹಾ. ಇದು ಬೇರೆ ಯಾರೋ ಕಲಸಿರೋದು, ನಿಮ್ಮ ಕೈಯಲ್ಲ. ಕಸ್ಟರ್ಡ್. ಮುಂದೆ ಬೆಣ್ಣೆ ಬರುತ್ತೆ, ಹಿಂದೆ ವೆನಿಲ್ಲಾ, ಕೊನೇಲಿ ಒಂಚೂರು ಬಿಸ್ಕತ್ತು. ಚೆನ್ನಾಗಿ ಮಾಗಿಸಿದಾರೆ. ಇದನ್ನ ಮಾತ್ರ ನನಗೆ ಬಿಟ್ಟು ಹೋಗಿ, ಸಂಜೆಗೆ ಆಗುತ್ತೆ."

"ಬಿಸ್ಕತ್ತೂ ಇದೆಯಾ?"

"ನಿಮ್ಮಂಥೋರಿಗೆ ಸಿಗಲ್ಲ ಅದು. ಬಹಳ ಸಣ್ಣಗಿದೆ."

"ನಾನು ಬಿಸ್ಕತ್ತು ಹಾಕಿಲ್ಲ," ಎಂದ ಮಿತ್ವಲ್ಲಿ. "ಬೆಣ್ಣೆನೂ ಹಾಕಿಲ್ಲ. ವೆನಿಲ್ಲಾನೂ ಇಲ್ಲ. ಅದು ಬರೀ ಗ್ಲಿಸರಿನ್. ನಮ್ಮ ಕೆಳಗಿನ ಬೇಕರಿಯವನ ಹತ್ತಿರ ಒಂದು ಹನಿ ಕೇಕಿನ ಬಣ್ಣ ಬೇಡಿ ತಂದು ಹಾಕ್ದೆ."

ಕೆಳಗೆ ಟ್ರಾಮ್ ಹೋಯಿತು. ಕಿಟಕಿಯ ಗಾಜು ಗಡಗಡ ಅಂದು ಸುಮ್ಮನಾಯಿತು.

ಹೈಸಮ್ ಇನ್ನೂ ನಗುತ್ತಿದ್ದ. ಆ ನಗುವನ್ನು ಎಲ್ಲಿ ಇಳಿಸಬೇಕೆಂದು ಅವನಿಗೆ ತಿಳಿಯಲಿಲ್ಲ.

"ಬಣ್ಣಕ್ಕೂ ಒಂದು ರುಚಿ ಇರುತ್ತೆ," ಎಂದ.

"ಅಡುಗೆಮನೆ ಬಾಗಿಲ ಹಿಂದೆ ಒಂದು ಚೀಲ ನೇತಾಡ್ತಿದೆ. ಅದರಲ್ಲಿ ಏನಿದೆ?"

"ಯಾವ ಚೀಲ?"

"ಮೀನು. ಗುರುವಾರ ನಾನು ಬಂದಾಗಲೇ ಕೊಳೆತಿತ್ತು. ಇವತ್ತು ಮೆಟ್ಟಿಲು ಹತ್ತುವಾಗ ಎರಡನೇ ಮಹಡಿಯ ಹೆಂಗಸು ಮೂಗಿಗೆ ತಲೆಬಟ್ಟೆ ತುದಿ ಹಿಡ್ಕೊಂಡು ನನ್ನನ್ನೇ ಬೈದಳು, ನಾನೇ ಆ ಮನೆಯೋನು ಅಂತ. ನೊಣ ಗುಂಯ್ ಅಂತಿದಾವೆ. ನೀನು ಇಲ್ಲಿ ಕೂತು ಇಲ್ಲದ ಬಿಸ್ಕತ್ತು ಹುಡುಕ್ತಿದೀಯ."

'ನೀವು' ಯಾವಾಗ 'ನೀನು' ಆಯಿತೆಂದು ಇಬ್ಬರೂ ಗಮನಿಸಿದರು.

ಹೈಸಮ್ ಎದ್ದು ಅಡುಗೆಮನೆಗೆ ಹೋದ. ಬಾಗಿಲು ಎಳೆದ ಸದ್ದು. ಆಮೇಲೆ ನೊಣಗಳ ಸದ್ದು ಜೋರಾಯಿತು. ತಿರುಗಿ ಬಂದಾಗ ಅವನ ಕೈಯಲ್ಲಿ ಚೀಲವಿರಲಿಲ್ಲ, ಮುಖದಲ್ಲಿ ಆ ಚೆಂದವೂ ಇರಲಿಲ್ಲ.

"ಎಷ್ಟು ದಿನದಿಂದ?" ಎಂದ ಮಿತ್ವಲ್ಲಿ.

"ಜ್ವರ ಬಂದಿತ್ತು. ಜ್ವರ ಹೋಯ್ತು, ಮೂಗು ವಾಪಸ್ ಬರ್ಲಿಲ್ಲ. ಇವತ್ತು ಬರುತ್ತೆ, ನಾಳೆ ಬರುತ್ತೆ ಅಂತ ಕಾದೆ. ಉಪ್ಪು ಗೊತ್ತಾಗುತ್ತೆ, ಹುಳಿ ಗೊತ್ತಾಗುತ್ತೆ. ತಂಪು, ಉರಿ, ಅಷ್ಟು ಗೊತ್ತಾಗುತ್ತೆ. ಮಿಕ್ಕಿದ್ದೆಲ್ಲ ಬಿಸಿ ಗಾಳಿ."

"ಪುದೀನ ತಂಪು ಕೊಟ್ಟಿತು. ಕಂದು ಬಣ್ಣ ಕಸ್ಟರ್ಡ್ ಹೇಳಿತು. ಸ್ಟ್ರಾಬೆರಿ ಏನೂ ಹೇಳ್ಲಿಲ್ಲ, ಹತ್ತಿ ಸುಟ್ಟೋಯ್ತು."

"ಮಾತಲ್ಲಿ ಚುಚ್ಚೋದು ಸುಲಭ, ಪಾಶಾ. ನನ್ನ ಅನ್ನ ಇದು."

"ಸಬ್ರಿಯ ಪ್ರಾಣ ಅದು."

ಹೈಸಮ್ ಕುಳಿತ. ಫೋನಿನ ಕ್ಯಾಮೆರಾವನ್ನು ನೋಡಿದ. ಮೊದಲ ಸಲ ಅವನು ಅದರಿಂದ ಮುಖ ತಿರುಗಿಸಿದ್ದು.

"ದಾಲ್ಚಿನ್ನಿ ಉರಿ ಕೊಡುತ್ತೆ," ಎಂದ ಮಿತ್ವಲ್ಲಿ. ಧ್ವನಿ ಏರಲಿಲ್ಲ. "ಆ ಶುಕ್ರವಾರ ಮೂರನೇ ಬಾಟಲಿ ಎಳೆದಾಗ ಗಂಟಲಲ್ಲಿ ಏನಾಯ್ತು?"

ಹೈಸಮ್ ಮೂರನೆಯ ವೇಪನ್ನು ಬೆರಳಿಂದ ಅತ್ತ ತಿರುಗಿಸಿದ.

"ನಾನು ಕೇಳಿದೆ, ಹೈಸಮ್."

"ಸುಟ್ಟಿತು."

"ಮಾವು ಸುಡುತ್ತಾ?"

"ಇಲ್ಲ."

"ಆದ್ರೂ ಮಾವು ಅಂದೆ."

"ನಿಕೋಟಿನ್ ಜಾಸ್ತಿ ಬಿದ್ದಿದೆ ಅಂದ್ಕೊಂಡೆ. ನನ್ನ ಗಂಟಲೇ ಸರಿ ಇಲ್ಲ ಅಂದ್ಕೊಂಡೆ. ಏನೇನೋ ಅಂದ್ಕೊಂಡೆ. ಗಲಾಲ್ ನನ್ನ ಬಾಯನ್ನೇ ನೋಡ್ತಿದ್ದ. ಇದು ಏನು ಅಂತ ಗೊತ್ತಾಗ್ತಿಲ್ಲ ಅಂತ ಹೇಳಿದ್ರೆ ಅಲ್ಲಿಗೆ ನನ್ನ ಕಥೆ ಮುಗೀತಿತ್ತು."

"ಅದಕ್ಕೆ ಅವನದು ಮುಗೀತು."

ಹೈಸಮ್ ಎರಡೂ ಅಂಗೈಗಳಿಂದ ಮುಖ ಒರೆಸಿಕೊಂಡ. ಅವನ ಮೈಯಿಂದ ಊದಿನ ಅತ್ತರು ಗಪ್ಪೆಂದು ಬಂತು. ಹತ್ತು ಜನ ಹಾಕಿಕೊಳ್ಳುವಷ್ಟನ್ನು ಒಬ್ಬನೇ ಹಾಕಿಕೊಂಡಿದ್ದ. ಅದೂ ಅವನಿಗೆ ಗೊತ್ತಿರಲಾರದು.

ಮಿತ್ವಲ್ಲಿಗೆ ಬೇಕಾದದ್ದು ಸಿಕ್ಕಿತ್ತು. ಹೈಸಮ್ ಎಳೆಯುವಾಗಲೇ ಬಾಟಲಿಯಲ್ಲಿ ದಾಲ್ಚಿನ್ನಿ ಇತ್ತು. ಅದು ಸಬ್ರಿ ತುಂಬಿಸುವಾಗ ಬಿದ್ದದ್ದಲ್ಲ. ಮೇಜಿಗೆ ಬರುವ ಮೊದಲು ಆ ಬಾಟಲಿಯನ್ನು ಯಾರು ಬೇಕಾದರೂ ಮುಟ್ಟಿರಬಹುದು. ಈ ಒಂದು ವಿಡಿಯೊ ಪ್ರಾಸಿಕ್ಯೂಟರ್ ಮುಂದಿಟ್ಟರೆ ನಾಳೆ ಕಡತ ನಿಲ್ಲುತ್ತದೆ.

ಎದ್ದು ಹೋಗಬಹುದಿತ್ತು. ಆದರೆ ಒಂದು ಸಂಗತಿ ಅಡ್ಡ ಕೂತಿತ್ತು.

"ಅಂಕಿ ಮಾತ್ರ ಇದ್ದ ಬಾಟಲಿ. ವಾಸನೆ ಇಲ್ಲ, ರುಚಿ ಇಲ್ಲ. ತಿಳಿ ದ್ರವ. ಮಾವು ಅಂತಲೇ ಯಾಕಂದೆ? ಸೇಬು ಅನ್ನಬಹುದಿತ್ತು. ಕಲ್ಲಂಗಡಿ ಅನ್ನಬಹುದಿತ್ತು. ಸಬ್ರಿ ಅದರಲ್ಲಿ ಮಾವನ್ನೇ ಕಲಸಿದ್ದು. ನಿನ್ನ ಊಹೆ ಅಷ್ಟು ನೆಟ್ಟಗೆ ಹೇಗೆ ಬಿತ್ತು?"

"ಊಹೆ ಅಲ್ಲ."

"ಮತ್ತೆ?"

"ಹೇಳಿಕೊಡೋರು ಇದ್ರು. ಪ್ರತಿ ಶುಕ್ರವಾರ. ಕಾಫಿ ಬೀಜದ ಬಟ್ಟಲು ತಂದಿಡೋವಾಗ ಬಗ್ಗಿ ಕಿವೀಲಿ ಒಂದು ಮಾತು. ನನ್ನ ಮೂಗು ಹೋದ ವಿಷಯ ಈ ಊರಲ್ಲಿ ಗೊತ್ತಿದ್ದದ್ದು ಅವರೊಬ್ಬರಿಗೇ."

"ಯಾರು?"

ಹೈಸಮ್ ಅವನನ್ನು ವಿಚಿತ್ರವಾಗಿ ನೋಡಿದ. ಕನಿಕರದ ಹಾಗಿತ್ತು ಆ ನೋಟ.

"ನಿಮ್ಮನ್ನ ಇಲ್ಲಿಗೆ ಕಳಿಸಿದೋರೇ, ಪಾಶಾ. ಇನಾಸ್."

ಮಿತ್ವಲ್ಲಿ ಕೈ ಚಾಚಿ ಫೋನಿನ ರೆಕಾರ್ಡಿಂಗ್ ನಿಲ್ಲಿಸಿದ. ಅವಸರ ಮಾಡಲಿಲ್ಲ.

ಇನಾಸ್, ಸಬ್ರಿಯ ಅಕ್ಕ, ಅಂಗಡಿಯ ಕೆಲಸಕ್ಕೆ ತಮ್ಮನ ಜೊತೆ ಕೈಹಾಕುತ್ತಿದ್ದವಳು. ತಮ್ಮನನ್ನು ಬಿಡಿಸಿಕೊಡಿ ಎಂದು ಅವನ ಬಾಗಿಲು ತಟ್ಟಿದವಳು. ಆ ಶುಕ್ರವಾರ ತಾನು ಅಂಗಡಿಯಲ್ಲಿ ಇರಲೇ ಇಲ್ಲ, ದಮನ್ಹೂರಿನಲ್ಲಿ ದೊಡ್ಡಮ್ಮನ ಮನೆಯಲ್ಲಿದ್ದೆ ಎಂದು ಮೊದಲ ದಿನವೇ ಹೇಳಿದ್ದಳು. ಕೇಳದೆಯೇ ಹೇಳಿದ್ದಳು. ಗಲಾಲ್‌ನ ಮಾತು ಬಂದಾಗಲೆಲ್ಲ "ಆ ಸತ್ತವನು" ಅನ್ನುತ್ತಿದ್ದಳೇ ಹೊರತು ಒಮ್ಮೆಯೂ ಹೆಸರು ಎತ್ತಿರಲಿಲ್ಲ.

ಇನ್ನೊಂದು ಮುಖವೂ ನೆನಪಾಯಿತು. ಜೈಲಿನಲ್ಲಿ ಬಿರುಕು ಬಿಟ್ಟ ಟ್ಯಾಂಕಿನ ಫೋಟೊ ತೋರಿಸಿದಾಗ ಸಬ್ರಿ ಗೋಡೆಯ ಕಡೆ ತಿರುಗಿಕೊಂಡಿದ್ದ. "ಪ್ಲಾಸ್ಟಿಕ್ ಮಾತು ಬಿಡಿ, ಉಸ್ತಾದ್. ಈ ಕೇಸನ್ನೇ ಬಿಟ್ಟುಬಿಡಿ." ಸಾಯಲು ಹೊರಟವನು ಹಾಗೆ ಯಾಕೆ ಅನ್ನುತ್ತಾನೆಂದು ಆಗ ಬಗೆಹರಿದಿರಲಿಲ್ಲ. ಬಟ್ಟಲು ತಂದಿಟ್ಟು ಬಗ್ಗಿದವಳನ್ನು ಅವನೂ ನೋಡಿದ್ದ. ನೋಡಿ ಬಾಯಿ ಮುಚ್ಚಿಕೊಂಡಿದ್ದ.

ಈ ವಿಡಿಯೊ ಸಬ್ರಿಯನ್ನು ಹೊರಗೆ ತರುತ್ತದೆ. ಅದೇ ವಿಡಿಯೊ ಅವನ ಅಕ್ಕನನ್ನು ಒಳಗೆ ಹಾಕುತ್ತದೆ.

ಅವನು ಬಾಲ್ಕನಿಗೆ ಹೋದ. ಕೆಳಗೆ ಟ್ರಾಮ್ ನಿಲ್ದಾಣದ ಬೆಂಚಿನ ಮೇಲೆ ಇನಾಸ್ ಕುಳಿತಿದ್ದಳು. ಕಾಯುತ್ತೇನೆ ಎಂದಿದ್ದಳು, ಕಾಯುತ್ತಿದ್ದಳು. ಅವನನ್ನು ನೋಡಿ ಎದ್ದಳು. ಕೈಯಲ್ಲಿದ್ದ ಫೋನು ಕಿವಿಗೆ ಹೋಯಿತು. ಅವನ ಫೋನು ನಡುಗಿತು.

"ಬಾಯಿ ಬಿಟ್ಟನಾ, ಉಸ್ತಾದ್?"

"ಬಿಟ್ಟ."

"ರೆಕಾರ್ಡ್ ಆಯ್ತಾ?"

"ಎಲ್ಲ ಆಯ್ತು, ಮದಾಂ ಇನಾಸ್. ಕಿವೀಲಿ ಮಾವು ಅಂದೋರು ಯಾರು ಅನ್ನೋದೂ ಸೇರಿ."

ಅವಳು ತಲೆ ಎತ್ತಿ ಬಾಲ್ಕನಿಯನ್ನು ನೋಡಿದಳು. ಓಡಲಿಲ್ಲ. ತಲೆಯ ಬಟ್ಟೆ ಗಾಳಿಗೆ ಹಾರುತ್ತಿತ್ತು, ಅದನ್ನು ಹಿಡಿದುಕೊಂಡಳು.

"ಗೊತ್ತಿತ್ತು," ಎಂದಳು. "ಅವನ ಬಾಯಿಗೆ ಕೈ ಹಾಕಿದ್ರೆ ನನ್ನ ಹೆಸರೂ ಬರುತ್ತೆ ಅಂತ ಗೊತ್ತಿತ್ತು. ಆದ್ರೆ ಬೇರೆ ದಾರಿ ಇರ್ಲಿಲ್ಲ. ಬಾಗಿಲ ಹಿಂದೆ ಆ ಮೀನು ನೇತು ಹಾಕಿದ್ದು ಯಾರು ಅಂದ್ಕೊಂಡ್ರಿ? ಅವನೇ ಕೊಟ್ಟ ಬೀಗದ ಕೈ ನನ್ನ ಹತ್ರ ಇದೆ. ಮೂಗಿರೋ ಯಾರಾದ್ರೂ ಒಬ್ಬರು ಆ ಮನೆಗೆ ಹೋಗ್ಬೇಕಿತ್ತು, ಅಷ್ಟೆ."

"ದಮನ್ಹೂರ್ ಸುಳ್ಳು."

"ಸುಳ್ಳು."

"ದಾಲ್ಚಿನ್ನಿ ಹಾಕಿದ್ದು ನೀವಾ?"

"ನನ್ನ ತಮ್ಮ ನಾಳೆ ಹೊರಗೆ ಬರಲಿ. ಆಮೇಲೆ ಕೇಳಿ, ಎಲ್ಲ ಹೇಳ್ತೀನಿ. ಈಗ ಬೇಗ ಕೆಳಗೆ ಬನ್ನಿ. ಅಲ್ಲಿ ಕೂರಬೇಡಿ. ಅವನು ಏನಾದ್ರೂ ಕೊಟ್ಟನಾ ಕುಡಿಯೋಕೆ?"

ಮಿತ್ವಲ್ಲಿ ಬಾಲ್ಕನಿಯ ಕಂಬಿಗೆ ಕೈಯಿಟ್ಟು ಇನ್ನಷ್ಟು ಬಗ್ಗಿದ.

"ಉಸ್ತಾದ್. ಚಹಾ ಕೊಟ್ಟನಾ?"

"ಯಾಕೆ?"

"ಗಲಾಲ್," ಎಂದಳು ಅವಳು. ಆ ಹೆಸರು ಅವಳ ಬಾಯಲ್ಲಿ ಬಂದದ್ದು ಅದೇ ಮೊದಲು. "ಆ ಶುಕ್ರವಾರ ನಮಾಜಿಗೆ ಹೋಗೋ ಮುಂಚೆ ಗಲಾಲ್ ಅವನ ಮನೆಗೆ ಹೋಗಿದ್ದ. ಆ ಮೇಜಿನ ಹತ್ರಾನೇ ಕೂತು ಚಹಾ ಕುಡಿದು ಬಂದಿದ್ದ. ಪೊಲೀಸರು ಟ್ಯಾಂಕ್ ನೋಡಿದ್ರು. ಆ ಚಹಾ ಲೋಟದಲ್ಲಿ ಏನಿತ್ತು ಅಂತ ಯಾರೂ ನೋಡ್ಲಿಲ್ಲ."

ಟ್ರಾಮ್ ಬಂದು ಇಬ್ಬರ ನಡುವೆ ನಿಂತಿತು. ಅವಳ ಮಾತು ಅದರ ಸದ್ದಿನಲ್ಲಿ ಮುಳುಗಿತು. ಟ್ರಾಮ್ ಸರಿದಾಗ ಬೆಂಚು ಖಾಲಿಯಿತ್ತು, ಲೈನು ಕಡಿದಿತ್ತು.

ಹಿಂದೆ ಕುರ್ಚಿ ಸರಿದ ಸದ್ದಾಯಿತು.

ಮಿತ್ವಲ್ಲಿ ತಿರುಗಿದ. ಮೇಜಿನ ಮೇಲೆ ಅವನ ಲೋಟ, ತಳದಲ್ಲಿ ಪುದೀನ ಎಲೆ ಮಾತ್ರ ಅಂಟಿಕೊಂಡಿತ್ತು. ಹೈಸಮ್ ತನ್ನ ಲೋಟವನ್ನು ಕೈಗೆತ್ತಿಕೊಂಡಿದ್ದ. ತುಂಬಿದ್ದು ತುಂಬಿದ ಹಾಗೇ ಇತ್ತು.

"ಪರೀಕ್ಷೆ ಮುಗೀತಲ್ಲ, ಪಾಶಾ," ಎಂದ.

ಹಳೆಯ ಅಭ್ಯಾಸದಂತೆ ಲೋಟವನ್ನು ಮೂಗಿನ ಬಳಿ ಹಿಡಿದ. ಅಡುಗೆಮನೆಗೆ ನಡೆದು, ಚಹಾವನ್ನು ಒಂದು ಹನಿಯೂ ಉಳಿಯದ ಹಾಗೆ ಸಿಂಕಿಗೆ ಸುರಿದ. ನಲ್ಲಿ ತಿರುಗಿಸಿ ಲೋಟ ತೊಳೆಯತೊಡಗಿದ.

ಮಿತ್ವಲ್ಲಿ ನಾಲಿಗೆಯ ತುದಿಯನ್ನು ಹಲ್ಲಿಗೆ ಒತ್ತಿ ನೋಡಿದ. ಅಲ್ಲೇನೋ ಇತ್ತು. ಪುದೀನದ ತಂಪೋ, ಮರಗಟ್ಟುತ್ತಿರುವುದೋ, ಅವನಿಗೆ ಹೇಳಲಾಗಲಿಲ್ಲ.